ಹಾರ್ನ್ ಹೊಡೆಯದ ಗಾಡಿ

ಖಾಲಾ ಗಾಡಿ ಓಡಿಸುತ್ತಿದ್ದದ್ದು ಬರಿಗಾಲಲ್ಲಿ. ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿ, ಮದರಂಗಿ ಹಚ್ಚಿ ಹಚ್ಚಿ ಕರಿಗೆಂಪಾದ ಅಂಗಾಲನ್ನು ಆಕ್ಸಿಲರೇಟರ್ ಮೇಲೆ ಇಟ್ಟರೆಂದರೆ ಆ ಹಳೆಯ ಬಿಳಿ ಫೋರ್ ವೀಲ್ ಡ್ರೈವ್ ಗಾಡಿ ಒಮ್ಮೆ ಕೆಮ್ಮಿ, ಇಳಿಜಾರಿಗೆ ಹೊರಳುತ್ತಿತ್ತು. ಹಿಮ್ಮಡಿಗಳು ಒಡೆದು ಗೆರೆಗೆರೆಯಾಗಿದ್ದವು. ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತಾಗ ನಾನು ರಸ್ತೆ ನೋಡುವುದು ಬಿಟ್ಟು ಆ ಪಾದಗಳನ್ನೇ ನೋಡುತ್ತಿದ್ದೆ. "ಚಪ್ಪಲಿ ಹಾಕಿಕೊಂಡರೆ ಗಾಡಿ ಏನು ಹೇಳ್ತಿದೆ ಅಂತ ಗೊತ್ತಾಗೋದಿಲ್ಲ, ಬೇಟಿ," ಎಂದರು.

ಅವರು ನಮ್ಮ ಬಾಡಿಗೆ ಮನೆಯ ಒಡತಿ; ಕೆಳಗೆ ಅವರು, ಮಹಡಿಯಲ್ಲಿ ನಾವು. ಅರವತ್ತೈದು ದಾಟಿದ ವಿಧವೆ. ನನ್ನ ಗಂಡನಿಗೆ ಮಸ್ಕತ್‌ನಿಂದ ಎರಡು ತಾಸು ದೂರದ, ಗುಡ್ಡದ ಬುಡದ ಆ ಹಳ್ಳಿಯ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಕೆಲಸ. ಒಮಾನ್ ಅಂದರೆ ನನ್ನ ನಾದಿನಿ ಮಸ್ಕತ್ತಿನ ಬೌಷರ್‌ನಿಂದ ಕಳಿಸುವ ಶಾಪಿಂಗ್ ಮಾಲಿನ ಫೋಟೋಗಳು ಎಂದು ತಿಳಿದು ಗದಗಿನಿಂದ ಬಂದಿಳಿದ ನನಗೆ ಸಿಕ್ಕಿದ್ದು ಖರ್ಜೂರದ ತೋಟ, ಮೇಕೆಗಳು ಮತ್ತು ಈ ಖಾಲಾ. ಖಾಲಾ ಅಂದರೆ ಚಿಕ್ಕಮ್ಮ. ಇಡೀ ಹಳ್ಳಿಯೇ ಅವರನ್ನು ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಅವರು ಹುಟ್ಟಿ ಬೆಳೆದದ್ದು ಮಸ್ಕತ್ತಿನ ಹಳೆಯ ಬಂದರು ಮತ್ರಾದ ಓಣಿಗಳಲ್ಲಿ, ಹಿಂದೂಸ್ತಾನಿ ವ್ಯಾಪಾರಿಗಳ ಮನೆಗಳ ನೆರೆಯಲ್ಲಿ. ಹಾಗಾಗಿ ಹಿಂದಿ ಬರುತ್ತಿತ್ತು. ನನ್ನದು ಅಡುಗೆಮನೆಯಷ್ಟೇ ಅರಬ್ಬಿ, ಅವರದು ಮತ್ರಾದ ಹಿಂದಿ. ಎರಡನ್ನೂ ಕಲಸಿಕೊಂಡು ನಾವು ಏಳು ವರ್ಷ ಮಾತಾಡಿದೆವು.

ಆ ಹಳ್ಳಿಯಲ್ಲಿ ಹೆಂಗಸರದೊಂದು ಗುಂಪಿತ್ತು. ಬೋರ್ಡಿಲ್ಲ, ಆಫೀಸಿಲ್ಲ, ಅಧ್ಯಕ್ಷರಿಲ್ಲ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಖಾಲಾರ ಅಂಗಳದ ಮರದ ಕೆಳಗೆ ಚಾಪೆ ಹಾಸಿಕೊಂಡು ಹತ್ತು ಹನ್ನೆರಡು ಮಂದಿ ಕೂತರೆ ಅದೇ ಸಭೆ. (ಆ ಮರ ನಮ್ಮ ಬಾರಿಹಣ್ಣಿನ ಗಿಡ! ಅದನ್ನು ನೋಡಿದ ದಿನ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಗಿತ್ತು.) ಯಾರ ಮನೆಯಲ್ಲಿ ಬಾಣಂತಿ, ಅಲ್ಲಿಗೆ ನಲವತ್ತು ದಿನ ಯಾರು ಯಾವಾಗ ಹೋಗಬೇಕು, ಹೆಂಗಸೊಬ್ಬಳು ತೀರಿಕೊಂಡರೆ ಮೈ ತೊಳೆಯುವವರು ಯಾರು, ಸಾವಿನ ಮನೆಗೆ ಮೂರು ದಿನ ಅನ್ನ ಯಾರದು. ಎಲ್ಲ ಬಾಯಲ್ಲೇ ತೀರ್ಮಾನ. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಗದಗಿನ ನಮ್ಮ ಕಾಲೊನಿಯ ಮಹಿಳಾ ಮಂಡಳದಲ್ಲಿ ಹೂಗುಚ್ಛ ಯಾರು ಕೊಡಬೇಕು ಎಂದು ಜಗಳವಾಡಿ ಬಂದಿದ್ದ ನನಗೆ ಅದನ್ನು ನೋಡಿ ಸ್ವಲ್ಪ ನಾಚಿಕೆಯೇ ಆಗಿತ್ತು.

ಗುಂಪಿನ ಅತಿ ಭಾರದ ಕೆಲಸ ಖಾಲಾ ಒಬ್ಬರ ತಲೆಯ ಮೇಲಿತ್ತು. ಹಳ್ಳಿಯಲ್ಲಿ ಕಿಡ್ನಿ ಕೆಟ್ಟ ಹೆಂಗಸರು ಮೂವರು. ವಾರಕ್ಕೆ ಮೂರು ದಿನ ಅವರು ಐವತ್ತು ನಿಮಿಷದ ಹಾದಿಯ ಪಟ್ಟಣಕ್ಕೆ ಹೋಗಿ, ಆಸ್ಪತ್ರೆಯಲ್ಲಿ ನಾಲ್ಕು ತಾಸು ಮಲಗಿ, ಮಷಿನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ತಪ್ಪಿದರೆ ಮೈ ಬಾತು ಉಸಿರು ಕಟ್ಟುತ್ತದೆ. ಗಂಡಸರೆಲ್ಲ ಮಸ್ಕತ್‌ನಲ್ಲೋ ಸೈನ್ಯದಲ್ಲೋ ಕೆಲಸದಲ್ಲಿದ್ದು ವಾರದ ಕೊನೆಗೆ ಬರುವವರು. ಗುಂಪಿನಲ್ಲಿ ಗಾಡಿ ಓಡಿಸುವವರು ಖಾಲಾ ಒಬ್ಬರೇ. ಹೀಗಾಗಿ ಭಾನುವಾರ, ಮಂಗಳವಾರ, ಗುರುವಾರ ಬೆಳಕು ಹರಿಯುತ್ತಿದ್ದಂತೆ ಆ ಗಾಡಿ ಕೆಮ್ಮುತ್ತಿತ್ತು. ಆಸ್ಪತ್ರೆಯ ನರ್ಸುಗಳೊಂದಿಗೆ ಇಂಗ್ಲಿಷ್ ಮಾತಾಡಲು ಒಂದು ಬಾಯಿ ಬೇಕೆಂದು ನನ್ನನ್ನೂ ಹತ್ತಿಸಿಕೊಂಡರು. ಹೊತ್ತು ಹೋಗದೆ ಒದ್ದಾಡುತ್ತಿದ್ದ ನಾನು ಕರೆದದ್ದೇ ತಡ, ಹತ್ತಿದೆ.

ಎರಡನೇ ವರ್ಷದ ಒಂದು ಬೆಳಿಗ್ಗೆ ಪಟ್ಟಣದ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದ ಖಾಲಾ, ಹಿಂದಿನವರಿಗೆ ಕೇಳದಂತೆ, "ಬೇಟಿ, ಹಸಿರು ಬಂತಾ?" ಎಂದು ಕೇಳಿದರು. ಸಕ್ಕರೆ ಕಾಯಿಲೆ ಅವರ ಕಣ್ಣು ತಿನ್ನತೊಡಗಿತ್ತು. ಅಂದು ಸಂಜೆ ಮಹಡಿ ಹತ್ತಿ ನಮ್ಮ ಮನೆಗೆ ಬಂದರು. ಕೂರಲೂ ಇಲ್ಲ. "ನನ್ನ ಕಣ್ಣು ಇನ್ನೊಂದು ವರ್ಷ. ಆಮೇಲೆ ಖಲಾಸ್. ಈ ಮೂವರನ್ನ ನಾನು ಗುಡ್ಡದ ಬುಡದಲ್ಲಿ ಬಿಟ್ಟು ಸಾಯೋದಿಲ್ಲ. ನೀನು ಲೈಸೆನ್ಸ್ ತಗೋ."

ಸೈಕಲ್ಲನ್ನೂ ಸರಿಯಾಗಿ ತುಳಿಯದವಳು ನಾನು. ಗಂಡ ಕೇಳಿ ತಲೆಮೇಲೆ ಕೈಹೊತ್ತ.

"ಅಲ್ಲ, ನಿನಗ್ಯಾಕ ಬೇಕು ಈ ಉಸಾಬರಿ? ಕೆಲಸಿಲ್ಲದ ಬಡಿಗ್ಯಾ ಮಗನ ಅಂಡು ಕೆತ್ತಿದ್ನಂತ."

"ಆಕಿಗೆ ಕಣ್ಣ ಕಾಣ್ಸೂದಿಲ್ರೀ. ಆ ಮೂರು ಮಂದಿನ್ನ ಯಾರ್ ಕರ್ಕೊಂಡ್ ಹೋಗ್ತಾರ?"

"ಸರಕಾರ ಐತಲ್ಲ?"

"ಸರಕಾರ ದವಾಖಾನಿ ಕೊಟ್ಟೈತಿ, ಮಷಿನ್ ಕೊಟ್ಟೈತಿ. ಮನಿ ಬಾಗಿಲಿಗೆ ಮಂದಿನ ಬರ್ಬೇಕ್ರೀ."

ಅವನೇ ಅರ್ಜಿ ತುಂಬಿಕೊಟ್ಟ. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ.

ಒಮಾನ್‌ನಲ್ಲಿ ಲೈಸೆನ್ಸ್ ಬೇಕೆಂದರೆ ಮೊದಲು ಡ್ರಮ್ ಟೆಸ್ಟ್ ದಾಟಬೇಕು. ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ನಡುವೆ ಒಂದಕ್ಕೂ ತಾಗಿಸದೆ ಗಾಡಿಯನ್ನು ಹಿಂದಕ್ಕೆ ತಗೊಂಡು ನಿಲ್ಲಿಸಬೇಕು. ಮೊದಲ ಸಲ ನಾನು ಎರಡು ಡ್ರಮ್ ಬೀಳಿಸಿದೆ. ಎರಡನೇ ಸಲ ಮೂರು. "ಅಮ್ಮಾ, ಯು ಆರ್ ಗೆಟಿಂಗ್ ವರ್ಸ್," ಎಂದಳು ಏಳನೇ ಕ್ಲಾಸಿನ ಮಗಳು. ನಾನು ಬಾಗಿಲು ಹಾಕಿಕೊಂಡು ಅತ್ತೆ.

ಮರುದಿನ ಖಾಲಾ ನನ್ನನ್ನು ತೋಟದ ಹಿಂದಿನ ಬಯಲಿಗೆ ಎಳೆದುಕೊಂಡು ಹೋದರು. ಅಲ್ಲಿ ನೋಡಿದರೆ ಗುಂಪಿನ ಹೆಂಗಸರೆಲ್ಲ ಎರಡು ಸಾಲಾಗಿ, ಸಮ ಅಂತರದಲ್ಲಿ, ಕಪ್ಪು ಅಬಾಯ ನಿಲುವಂಗಿಯಲ್ಲಿ ನಿಂತಿದ್ದಾರೆ! ಮೂಲೆಯ ಡ್ರಮ್ಮಿನ ಕೈಯಲ್ಲಿ ಕಾಫಿಯ ಫ್ಲಾಸ್ಕು. "ಡ್ರಮ್ ಬಿದ್ದರೆ ಪೊಲೀಸರು ಎತ್ತಿ ನಿಲ್ಲಿಸ್ತಾರೆ. ಅದಕ್ಕೇ ನಿನಗೆ ಹೆದರಿಕೆಯಿಲ್ಲ," ಎಂದು ಖಾಲಾ ತಾವು ಹೋಗಿ ಎಲ್ಲರಿಗಿಂತ ಹಿಂದೆ, ಗಾಡಿ ಬಂದು ನಿಲ್ಲಬೇಕಾದ ಜಾಗದ ಅಂಚಿಗೆ ನಿಂತರು. "ಯಲ್ಲಾ, ಬಾ!"

ಇರುವೆಗಿಂತ ನಿಧಾನವಾಗಿ ಹಿಂದಕ್ಕೆ ಬಂದೆ. ಡ್ರಮ್ಮುಗಳು "ಯಮೀನ್, ಯಮೀನ್!" ಎಂದು ಒಂದೇ ಸಮನೆ ಬಲಕ್ಕೆ ಕೈ ಬೀಸುತ್ತಿದ್ದವು. ಒಂದು ಡ್ರಮ್ ನಕ್ಕು ನಕ್ಕು ಕೂತೇಬಿಟ್ಟಿತು. ಹದಿನೈದು ದಿನ ಆ ಹೆಂಗಸರು ತಮ್ಮ ಅಡುಗೆ, ಮೇಕೆ, ಮೊಮ್ಮಕ್ಕಳನ್ನು ಬಿಟ್ಟು ಬಂದು ನನಗಾಗಿ ಡ್ರಮ್ಮಾಗಿ ನಿಂತರು. ಯಾರನ್ನೂ ಮುಟ್ಟಿಸದೆ ಒಳಗೆ ಬಂದು ನಿಲ್ಲಿಸಿದ ದಿನ ಖಾಲಾ ಕಿಟಕಿಯಿಂದ ಕೈ ಹಾಕಿ ನನ್ನ ತಲೆ ನೇವರಿಸಿದರು. ಆ ತಿಂಗಳೇ ಪಾಸಾದೆ.

ಪಾಸಾದ ಮೇಲೆ ನನಗೆ ಕೊಂಬು ಬಂತು. ಖಾಲಾ ಪ್ರತಿ ಮನೆಯೊಳಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದುದನ್ನು ನಾನು ಗಾಡಿಯಲ್ಲೇ ಕೂತು ಬರೀ ಹರಟೆ ಅಂದುಕೊಂಡಿದ್ದೆ. ಖಾಲಾ ಜೊತೆಗಿಲ್ಲದೆ ಒಬ್ಬಳೇ ಹೊರಟ ಮೊದಲ ಗುರುವಾರ, ಟೈಮಿಗೆ ಸರಿಯಾಗಿ ಮುಟ್ಟಬೇಕೆಂಬ ಹಟದಲ್ಲಿ, ಪ್ರತಿ ಮನೆಯ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದೆ. ಇಬ್ಬರು ಬಂದು ಹತ್ತಿದರು. ಮೂವರಲ್ಲಿ ಹಿರಿಯಳಾದ ಅಜ್ಜಿ ಬಾಗಿಲಿಗೆ ಬಂದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಮತ್ತೊಮ್ಮೆ ಹಾರ್ನ್ ಹೊಡೆದೆ. ಬರಲಿಲ್ಲ. ಇವತ್ತು ಬರುವ ಮನಸ್ಸಿಲ್ಲವೇನೋ ಎಂದುಕೊಂಡು ಹೊರಟುಬಿಟ್ಟೆ.

ಮಧ್ಯಾಹ್ನ ಇಬ್ಬರನ್ನು ಇಳಿಸಿ ಬಂದಾಗ ಖಾಲಾ ಅಂಗಳದಲ್ಲಿ ಕೂತಿದ್ದರು. ನಡೆದದ್ದನ್ನು ಹೇಳಿದೆ. ಅವರು ಎದ್ದು, ಗೋಡೆ ಹಿಡಿದುಕೊಂಡು, ಬಿಸಿಲಲ್ಲಿ ಅಜ್ಜಿಯ ಮನೆಗೆ ನಡೆದರು. ನಾನು ಅಪರಾಧಿಯಂತೆ ಹಿಂದೆ ಹಿಂದೆ. ಅಜ್ಜಿಯ ಕಾಲು ಆಗಲೇ ಬಾತಿತ್ತು. ಖಾಲಾ ಅವಳ ಹಣೆಗೆ ಮುತ್ತಿಟ್ಟು, "ಹಾರ್ನ್ ಹೊಡೆದದ್ದು ನಾನು. ಕಲಿಸದೆ ಕಳಿಸಿದೆ. ಮಾಫ್ ಮಾಡು," ಎಂದರು. ಅಜ್ಜಿ ನನ್ನತ್ತ ತಿರುಗಿ, "ನಾನೇನು ಸಿಮೆಂಟ್ ಚೀಲವಾ, ಬಾಗಿಲಲ್ಲಿ ನಿಂತು ಹೊತ್ತುಕೊಂಡು ಹೋಗೋಕೆ?" ಎಂದಳು. ಆಮೇಲೆ ಕಾಫಿ ತರಿಸಿದಳು. ನಾನು ಗಡಿಯಾರ ನೋಡುತ್ತ ಕೂತಿದ್ದೆ. ಖಾಲಾ ಮಾತ್ರ ಖರ್ಜೂರ ತಿಂದರು, ಅಜ್ಜಿಯ ಮಗನ ಬಗ್ಗೆ ಕೇಳಿದರು, ಮೇಕೆ ಈಯಿತಾ ಎಂದು ಕೇಳಿದರು. ಒಂದು ಲೋಟ ಮುಗಿದ ಮೇಲೆ ಅಜ್ಜಿ ತಾನೇ ಕೋಲು ತಗೊಂಡು ಎದ್ದಳು.

ಪಟ್ಟಣಕ್ಕೆ ಮತ್ತೆ ಓಡಿದೆವು. ಕೇರಳದ ನರ್ಸಮ್ಮ ನನ್ನನ್ನು ಚೆನ್ನಾಗಿ ಬೈದು, ಸಂಜೆಯ ಪಾಳಿಯಲ್ಲಿ ಅಜ್ಜಿಗೆ ಮಷಿನ್ ಕೊಟ್ಟಳು. ಹೊರಗಿನ ಬೆಂಚಿನ ಮೇಲೆ ನಾನು ಅಳುತ್ತ ಕೂತಾಗ ಖಾಲಾ ಹೇಳಿದರು: "ಒಳಗೆ ಹೋದ ಮೇಲೆ ಅವಳು ಒಂದು ನಂಬರು, ಒಂದು ಹಾಸಿಗೆ. ಮನೆಯಿಂದ ಹೊರಡುವಾಗಲಾದರೂ ಮನೆಯ ಯಜಮಾನತಿಯಾಗಿ ಹೊರಡಲಿ. ಅರ್ಧ ತಾಸು ಬೇಗ ಏಳು, ಅಷ್ಟೇ." ಅಂದಿನಿಂದ ಇವತ್ತಿನವರೆಗೆ ನಾನು ಆ ಹಳ್ಳಿಯಲ್ಲಿ ಹಾರ್ನ್ ಒತ್ತಿಲ್ಲ. ಮೂರು ಮನೆ, ಮೂರು ಲೋಟ ಕಾಫಿ. ಆಸಿಡಿಟಿ ಬಂದದ್ದು ಬೇರೆ ಮಾತು.

ಕಣ್ಣು ಪೂರ್ತಿ ಹೋದ ಮೇಲೂ ಖಾಲಾ ಮುಂದಿನ ಸೀಟು ಬಿಡಲಿಲ್ಲ. ತಿರುವು ಬಂದದ್ದು ಅವರಿಗೆ ನನಗಿಂತ ಮೊದಲೇ ತಿಳಿಯುತ್ತಿತ್ತು. "ಮೂರನೇ ಗೇರ್ ಹಾಕು, ಗಾಡಿ ಅಳ್ತಿದೆ," ಎನ್ನುವರು. ನನ್ನವ್ವನೂ ನನ್ನನ್ನು ಅಷ್ಟು ನಂಬಿ ಕಣ್ಣು ಮುಚ್ಚಿ ಕೂತಿದ್ದಿಲ್ಲ.

ಕಳೆದ ಚಳಿಗಾಲದ ಒಂದು ಮಂಗಳವಾರ, ಬೆಳಗಿನ ನಮಾಜು ಮುಗಿಸಿ ಹಾಗೇ ಒರಗಿದವರು ಏಳಲಿಲ್ಲ. ಅವರ ಸೊಸೆ ಮಹಡಿ ಹತ್ತಿ ಬಂದು ಹೇಳಿದಾಗ ಕೆಳಗೆ ಓಡಿದೆ. ಬಾಗಿಲು ಮುಚ್ಚಿತ್ತು, ಗುಂಪಿನ ಹಿರಿಯ ಹೆಂಗಸರು ಆಗಲೇ ಒಳಗೆ ಸೇರಿದ್ದರು. ಮೈ ತೊಳೆದು ಬಿಳಿ ಬಟ್ಟೆ ಸುತ್ತಿದ ಮೇಲೆ ಎಲ್ಲರಿಗೂ ಮುಖ ತೋರಿಸುತ್ತೇವೆ, ಕೂತಿರು ಎಂದಳು ಸೊಸೆ. ಅಂಗಳ ತುಂಬುತ್ತ ಬಂತು. ಆ ಮೂವರೂ ಬಂದು ನನ್ನ ಪಕ್ಕ ಕೂತು ಅಳುತ್ತಿದ್ದರು. ಡಯಾಲಿಸಿಸ್‌ಗೆ ಹೊರಡುವ ಹೊತ್ತು ಮೀರುತ್ತಿತ್ತು. "ಇವತ್ತು ಬೇಡ, ಬೇಟಿ. ಒಂದು ದಿನ ತಪ್ಪಿದರೆ ತಪ್ಪಲಿ," ಎಂದಳು ಅಜ್ಜಿ. ಅವಳ ಕೆನ್ನೆ ಆಗಲೇ ಊದಿಕೊಂಡಿತ್ತು.

ನನಗೆ ಆ ಮುಖ ನೋಡಬೇಕಿತ್ತು. ಇನ್ನೊಂದು ತಾಸು ಕಾದಿದ್ದರೆ ನೋಡುತ್ತಿದ್ದೆ. ಮುಚ್ಚಿದ ಬಾಗಿಲನ್ನು ಎಷ್ಟೋ ಹೊತ್ತು ನೋಡಿದೆ. ಆಮೇಲೆ ಎದ್ದು ಅಜ್ಜಿಯ ಮುಂದೆ ಮಂಡಿಯೂರಿ ಕೂತು, ಅವಳ ಎರಡೂ ಕೈ ಹಿಡಿದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಕಣ್ಣೊರೆಸಿಕೊಂಡು ಉಳಿದ ಇಬ್ಬರಿಗೆ ಏನೋ ಹೇಳಿ ಎದ್ದಳು. ನಾವು ನಾಲ್ವರೂ ಹೆಂಗಸರ ಗುಂಪನ್ನು ದಾಟಿ ಗೇಟಿನ ಹೊರಗೆ ಬಂದೆವು. ಮಸ್ಕತ್‌ನಿಂದ ಆಗ ತಾನೇ ಬಂದಿಳಿದ ಖಾಲಾರ ಮಗಳು, "ಅಮ್ಮ ಒಳಗೆ ಇದ್ದಾಳೆ, ನೀನು ಎಲ್ಲಿಗೆ?" ಎಂದು ನನ್ನ ತೋಳು ಹಿಡಿದಳು. ಹಿಂದೆ ನಿಂತ ಮೂವರನ್ನು ಕಂಡು ತಾನೇ ಬಿಟ್ಟಳು. ಬಿಟ್ಟು, ಗಾಡಿಯ ಬಾಗಿಲು ತೆಗೆದುಕೊಟ್ಟಳು.

ನಾವು ವಾಪಸು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಖಾಲಾರ ಮುಖವನ್ನು ನಾನು ಕೊನೆಯ ಸಲ ನೋಡಲಿಲ್ಲ; ಆ ಸಂಕಟ ಇವತ್ತಿಗೂ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಆ ಮಂಗಳವಾರ ಮೂವರೂ ಹೋದರು, ಮೂವರೂ ಮನೆಗೆ ಬಂದರು.