ಫೋಟೋಕ್ಕೆ ಹಾಕಿದ ಅಂಗಿ

ಮಸ್ಕಿಯಲ್ಲಿ ನಮ್ಮ ನೆರೆಮನೆಯ ದರ್ಜಿ ಚಿಕ್ಕಂದಿನಿಂದ ಗೌಡರೊಬ್ಬರ ಮನೆಯಲ್ಲಿ ಜೀತಕ್ಕಿದ್ದವರು. ಅಲ್ಲಿ ತೊಟ್ಟದ್ದೆಲ್ಲ ಗೌಡರು ಬಿಟ್ಟ ಬಟ್ಟೆ. ಬಿಡುಗಡೆಯಾದ ಮೇಲೆ ಹೊಲಿಗೆ ಕಲಿತರು. ಯಾರಾದರೂ ಹಳೆಯ ಅಂಗಿ ಕೊಡಲು ಬಂದರೆ, ಕೊರಳಿನ ಟೇಪು ಸರಿಪಡಿಸಿಕೊಳ್ಳುತ್ತ, "ನನ್ನಂಗಿ ನಾನ ಹೊಲ್ಕೋತೀನ್ರಿ" ಎನ್ನುತ್ತಿದ್ದರು.

ಒಮ್ಮೆ ಜೀತದಿಂದ ಬಿಡುಗಡೆಯಾದವರಿಗೆ ಸರ್ಕಾರ ಕೊಡುವ ಪುನರ್ವಸತಿಯ ಹಣಕ್ಕೆ ಅರ್ಜಿ ಕೊಡಲು ಅವರೊಂದಿಗೆ ಕಚೇರಿಗೆ ಹೋಗಿದ್ದೆ. ಅವರ ಇಸ್ತ್ರಿಯ ಬಿಳಿ ಅಂಗಿ ನೋಡಿ ಗುಮಾಸ್ತ, "ನೀ ಜೀತದಾಂವನಂಗ ಕಾಣಂಗಿಲ್ಲ. ನಾಳೆ ಹರಕ ಅಂಗಿ ಹಾಕ್ಕೊಂಡು ಬಾ, ಫೋಟೋ ತೆಗೀಬೇಕು" ಎಂದ.

ಅವರು ಕೊರಳ ಗುಂಡಿ ಹಾಕಿಕೊಂಡರು. "ಜೀತದಾಗಿದ್ದಾಗ ಯಾರೂ ಫೋಟೋ ತೆಗೀಲಿಲ್ರಿ. ಈಗ ನಾ ಹೆಂಗದೀನಿ, ಹಂಗ ತೆಗೀರಿ."

ಗುಮಾಸ್ತ ಅರ್ಜಿಯನ್ನು ಆಚೆ ತಳ್ಳಿದ. ಅವರು ಅದನ್ನು ಅಲ್ಲೇ ಬಿಟ್ಟು, ಎದುರಿನ ಸ್ಟುಡಿಯೋಕ್ಕೆ ಹೋಗಿ, ಅದೇ ಅಂಗಿಯಲ್ಲಿ ನೆಟ್ಟಗೆ ಕುಳಿತು ಫೋಟೋ ತೆಗೆಸಿಕೊಂಡರು.