ಕುರ್ಚಿಯ ಮೇಲೆ ಕೂತ ಬ್ಯಾಂಡು

ಆ ಸಂಜೆ ಕ್ಲಾರಿಯೊನೆಟ್ಟಿನ ಕೊನೆಯ ಸ್ವರವನ್ನು ನಾನೇ ಕೇಳಿದೆನೆಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಕೇಳಿರಲು ಸಾಧ್ಯವಿಲ್ಲ. ಆ ಹೊತ್ತಿಗೆ ನಾನು ಸಿಂದಗಿಯ ಶಾಲೆಯ ಬಯಲಿನಲ್ಲಿ, ಭುಸುಗುಡುವ ಗ್ಯಾಸಬತ್ತಿಯ ಪಕ್ಕ ನಿಂತು, ಮೈಕಿನಲ್ಲಿ ವಂದನಾರ್ಪಣೆ ಓದುತ್ತಿದ್ದೆ. ಮೈಕಿನ ಮುಂದೆ ನಿಂತವನಿಗೆ ತನ್ನ ದನಿ ಬಿಟ್ಟು ಬೇರೇನೂ ಕೇಳುವುದಿಲ್ಲ. ಹಾಗಾದರೆ ಆ ಸ್ವರ ನನ್ನ ಕಿವಿಯಲ್ಲಿ ಎಲ್ಲಿಂದ ಬಂತು? ವರ್ಷವೂ ಗಟ್ಟಿಯಿಲ್ಲ, ಅರವತ್ತೊಂದೋ ಅರವತ್ತೆರಡೋ ಇರಬೇಕು. ದೀಪಾವಳಿಯ ಪಾಡ್ಯ ಎಂಬುದಷ್ಟೇ ಖಾತ್ರಿ.

ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಎಲ್ಲವನ್ನೂ ಸಂಶಯಿಸುವುದು ಕಲಿತಿದ್ದೆ, ನನ್ನನ್ನೊಂದು ಬಿಟ್ಟು. ಅಲ್ಲಿಯ ಗ್ರಂಥಾಲಯದಲ್ಲಿ ಒಂದು ಇಂಗ್ಲಿಷ್ ವಾರಪತ್ರಿಕೆಯಲ್ಲಿ ಚಿತ್ರ ನೋಡಿದ್ದೆ: ಕರಿ ಕೋಟಿನ ನೂರು ಜನ ಕುರ್ಚಿಗಳ ಮೇಲೆ ಕೂತು ವಾದ್ಯ ನುಡಿಸುತ್ತಿದ್ದಾರೆ, ಪ್ರತಿಯೊಬ್ಬರ ಮುಂದೆ ಕಾಗದದ ಸ್ಟ್ಯಾಂಡು, ನಡುವೆ ಒಬ್ಬ ಕೋಲು ಹಿಡಿದು ನಿಂತಿದ್ದಾನೆ. ಅವರದೂ ಅದು ಹಬ್ಬದ ಕಚೇರಿಯಂತೆ. ರಜೆಗೆ ಊರಿಗೆ ಬಂದಾಗ ಇದನ್ನು ನಮ್ಮ ಓಣಿಯ ವಕೀಲರ ಮುಂದೆ ಹೇಳಿದೆ. ತಪ್ಪು ಅಲ್ಲಿಂದ ಶುರುವಾಯಿತು, ಮತ್ತು ಅದು ನನ್ನದು.

ವಕೀಲರಿಗೆ ಸಂಗೀತದಲ್ಲಿದ್ದ ಅರ್ಹತೆಯೆಂದರೆ ಮನೆಯಲ್ಲೊಂದು ಗ್ರಾಮಫೋನು ಇದ್ದದ್ದು. ಕೋಲು ಹಿಡಿಯುವವನು ತಾನೇ ಎಂದು ಅವರು ನನ್ನ ಮಾತು ಮುಗಿಯುವ ಮೊದಲೇ ತೀರ್ಮಾನಿಸಿದ್ದರು. ಮಂಡಳಿ ಹುಟ್ಟಿತು; ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ದೀಪಾವಳಿಗೆ ‘ಋತುಗಾನ ವಾದ್ಯವೃಂದ’ ಎಂದು ನಿಶ್ಚಯವಾಯಿತು. ಆರು ಋತುಗಳು, ಆರು ರಾಗಗಳು, ನಮ್ಮ ಭವ್ಯ ಪರಂಪರೆ. ನಮ್ಮ ಸೀಮೆಯಲ್ಲಿ ಬಿಸಿಲು, ಸ್ವಲ್ಪ ಕಡಿಮೆ ಬಿಸಿಲು ಎಂಬ ಎರಡೇ ಋತುಗಳಿವೆ ಎಂಬ ಸಂಗತಿಯನ್ನು ಯಾರೂ ಸಭೆಯಲ್ಲಿ ಎತ್ತಲಿಲ್ಲ. ಮುದ್ದೇಬಿಹಾಳದಿಂದ ಹಾರ್ಮೋನಿಯಂ ಮಾಸ್ತರರು ಬರಲು ಒಪ್ಪಿದರು. ಅಂಚೆ ಕಚೇರಿಯ ಗುಮಾಸ್ತರ ಬಳಿ ದಿಲ್‌ರುಬಾ ಇತ್ತು, ಭಜನೆಯವರ ತಬಲಾ ಇತ್ತು. ಇಷ್ಟರಿಂದ ವೃಂದವಾಗುವುದಿಲ್ಲವಲ್ಲ. ಹೀಗಾಗಿ ಮದುವೆಯ ಬ್ಯಾಂಡಿನವರನ್ನು ಕೇಳಬೇಕಾಯಿತು.

ಅದು ತಲೆಮಾರುಗಳಿಂದ ನಮ್ಮೂರಲ್ಲೇ ಇದ್ದ ಒಂದು ಮುಸಲ್ಮಾನ ಕುಟುಂಬದ ಬ್ಯಾಂಡು. ಏಳು ಜನ, ಹಿತ್ತಾಳೆ ಗುಂಡಿಯ ಏಳು ಕೆಂಪು ಕೋಟು. ಇಂಡಿಯಿಂದ ಬಸವನ ಬಾಗೇವಾಡಿಯವರೆಗೆ ಅವರಿಲ್ಲದೆ ವರ ಕುದುರೆ ಹತ್ತುತ್ತಿರಲಿಲ್ಲ. ಕ್ಲಾರಿಯೊನೆಟ್ ಊದುತ್ತಿದ್ದ ಹಿರಿಯರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ನಾನು ಕರೆಯಲು ಹೋದಾಗ ಅವರು ವಾದ್ಯದ ಬಾಯಿಗೆ ಬಟ್ಟೆ ಸುತ್ತುತ್ತಿದ್ದರು.

“ಅಲ್ಲಿ ಊಟ ಇರತೈತೇನ್ರಿ, ಸಣ್ಣ ಗೌಡ್ರ?”

“ಮುಗಿದ ಮ್ಯಾಲೆ ಫರಾಳ ಐತಿ ಕಾಕಾ. ಚಕ್ಕಲಿ, ಉಂಡಿ.”

“ಮುಗಿದ ಮ್ಯಾಲಿಂದು ಬಿಡ್ರಿ. ನಾ ಊದೂ ಮುಂದ ಯಾರರೆ ಉಣ್ತಿರ್ತಾರೇನು?”

“ಇಲ್ಲ. ಕುಂತು ಕೇಳ್ತಾರ.”

“ಸುಮ್ಮ ಕುಂತು?”

“ಸುಮ್ಮ ಕುಂತು.”

ಕಾಕಾ ಸುತ್ತುತ್ತಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿದರು. “ಹಂಗಾರ ಮೂರನೇದೂ ಊದಬಹುದು,” ಎಂದರು.

ಮೂರನೆಯದು ಎಂದರೆ ಏನೆಂದು ಅಂದೇ ನನಗೆ ತಿಳಿದದ್ದು. ಅವರ ಬ್ಯಾಂಡಿಗೆ ಒಂದು ಮೆರವಣಿಗೆಯ ಧಾಟಿ ಇತ್ತು. ಅದು ಅವರ ತಂದೆ ಕಟ್ಟಿದ್ದು. ನಮ್ಮ ಸೀಮೆಯಲ್ಲಿ ಮದುವೆಗೆ ಹೋದವರೆಲ್ಲ ಅದನ್ನು ಬಾಯಲ್ಲಿ ಗುನುಗಬಲ್ಲರು. ಆದರೆ ಎಲ್ಲರೂ ಗುನುಗುವುದು ಮೊದಲ ಎರಡು ಭಾಗ ಮಾತ್ರ. ಮೂರನೆಯ ಭಾಗ ಬರುವಷ್ಟರಲ್ಲಿ ವರ ಕುದುರೆ ಇಳಿದಿರುತ್ತಾನೆ, ಬೀಗರಲ್ಲೊಬ್ಬ ಕೈ ಎತ್ತಿ “ಸಾಕ್ ಸಾಕ್, ಎಲಿ ಹಾಕ್ಯಾರ” ಎಂದಿರುತ್ತಾನೆ. ಮೂವತ್ತು ವರ್ಷ ಊದಿದ ಮನುಷ್ಯ ಅದನ್ನು ಮಂದಿಯ ಮುಂದೆ ಒಮ್ಮೆಯೂ ಮುಗಿಸಿರಲಿಲ್ಲ. ಸಾಯುವಾಗ ತಂದೆ ಬೇರೇನೂ ಕೇಳಿರಲಿಲ್ಲವಂತೆ, “ಪೂರಾ ಊದಿಯೇನೋ?” ಎಂದಷ್ಟೇ. ಇದನ್ನು ಕಾಕಾ ಹೇಳಿದರೋ, ನಾನೇ ನಂತರ ಸೇರಿಸಿಕೊಂಡೆನೋ ಹೇಳಲಾರೆ. ಕಾರ್ಯಕ್ರಮ ಪತ್ರಿಕೆಯಲ್ಲಿ ಆ ಧಾಟಿಗೆ ಶರದೃತುವಿನ ಜಾಗ ಕೊಟ್ಟೆವು. ಅದಕ್ಕೂ ಶರದೃತುವಿಗೂ ಇದ್ದ ಸಂಬಂಧವೆಂದರೆ, ಖಾಲಿ ಇದ್ದ ಜಾಗ ಅದೊಂದೇ ಎಂಬುದು.

ತಾಲೀಮಿನ ದಿನ ತಕರಾರು ಬಂತು. ಶಾಲೆಯ ಹುಡುಗರು ಕೂರುವ ಬಾಕುಗಳನ್ನು ಒಂದಕ್ಕೊಂದು ಹಗ್ಗದಿಂದ ಕಟ್ಟಿ, ಮೇಲೆ ಜಮಖಾನೆ ಹಾಸಿ ವೇದಿಕೆ ಮಾಡಿದ್ದೆವು. ಅದರ ಮೇಲೆ ಊರಿನ ಮನೆಮನೆಯಿಂದ ತಂದ ಕೈಯುಳ್ಳ ಕುರ್ಚಿಗಳು. ದೊಡ್ಡ ಡೋಲು ಬಾರಿಸುವವರು ಕಾಕಾನ ಮೈದುನ, ಡೋಲಿನಷ್ಟೇ ಸುತ್ತಳತೆಯ ಆಸಾಮಿ.

“ಭಾವಾ, ಡೋಲು ಕುಂತೈತಿ. ನಾ ಎಲ್ಲಿ ಕುಂದ್ರಲಿ?” ಎಂದರು ಅವರು.

ಕಾಕಾ ನಗಲಿಲ್ಲ. ವಕೀಲರ ಕಡೆ ತಿರುಗಿ, “ಸಾಹೇಬ್ರ, ನಾವು ನಡಕೋತ ಬಾರಿಸೂ ಮಂದಿ. ತಾಳ ಎಡಗಾಲಾಗ ಐತ್ರಿ. ಕುಂತ್ರ ಸಿಗೂದಿಲ್ಲ,” ಎಂದರು.

“ತಾಳ ನನ್ನ ಕೈಯಾಗ ಐತಿ. ಇತ್ತ ನೋಡಿ ಬಾರಸ್ರಿ. ಕಾಲು ಮಾತ್ರ ಅಳ್ಳಾಡಸಬ್ಯಾಡ್ರಿ, ಬಾಕು ಗಡಗಡ ಅಂತಾವ.”

ವಿದ್ಯಾವಂತನಾದ ನಾನು ಸುಮ್ಮನಿರಬಹುದಿತ್ತು. “ತಾಳ ಖರೇ ಅಂದ್ರ ಮೆದುಳಿನಾಗ ಇರತೈತಿ ಕಾಕಾ,” ಎಂದೆ.

“ಹೌದ್ರಿ? ನಮ್ಮ ಮಂದೀಗೆ ಇನ್ನೂ ಅಲ್ಲೀತನಾ ಏರಿಲ್ರಿ.”

ಚಿತ್ರದಲ್ಲಿದ್ದಂತೆ ಎಲ್ಲರ ಮುಂದೆ ಕಾಗದ ಇಡಲೇಬೇಕೆಂದು ವಕೀಲರ ಹಟ. ಸ್ವರಲಿಪಿ ಓದುವವರು ಅಲ್ಲಿ ಒಬ್ಬರೂ ಇರಲಿಲ್ಲ, ವಕೀಲರನ್ನೂ ಸೇರಿಸಿ. ತಮ್ಮ ಕಪಾಟಿನಿಂದ ಹಳೆಯ ದಾವೆಯ ಕಾಗದ ತೆಗೆದು ಹಂಚಿದರು. ಡೋಲಿನವರು ತಮ್ಮದನ್ನು ತಿರುವಿಹಾಕಿ, “ಇದರಾಗ ಏನ್ ಬರದೈತ್ರಿ?” ಎಂದು ಕೇಳಿದರು. ಸಾಲೋಟಗಿ ಕಡೆಯ ಹೊಲದ ಬದುವಿನ ಜಗಳ ಎಂದೆ. “ಹಂಗಾರ ಜೋರಾಗೇ ಬಾರಸಬೇಕು,” ಎಂದರು.

ಪಾಡ್ಯದ ದಿನ ಹೊತ್ತು ಇಳಿಯುವ ಮೊದಲೇ ಜನ ಚಾಪೆ ಹಿಡಿದು ಬಂದರು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ದೊಡ್ಡ ಅಧಿಕಾರಿಗಳು, ಇಂಡಿಯ ಕಡೆಯಿಂದ ಜೀಪಿನಲ್ಲಿ ಬರಬೇಕು. ಕಾದು ಕಾದು ವಕೀಲರು ಕೋಲೆತ್ತಿದರು. ಹಾರ್ಮೋನಿಯಂ, ದಿಲ್‌ರುಬಾ, ತಬಲಾ ಸೇರಿ ವರ್ಷಾಋತು ಸುರಿಸಿದವು. ಮೂರು ವಾದ್ಯಗಳೂ ಶ್ರುತಿಯ ವಿಷಯದಲ್ಲಿ ಬೇರೆ ಬೇರೆ ತಾಲೂಕಿನವು. ಆಮೇಲೆ ಶರದೃತು. ಕಾಕಾ ಊದಲು ಶುರು ಮಾಡಿದರು.

ಇದನ್ನು ಮಾತ್ರ ನನ್ನ ಕಿವಿಯಿಂದ ಕೇಳಿದ್ದೇನೆ. ಬ್ಯಾಂಡಿನವರು ಕುರ್ಚಿಯಲ್ಲಿ ಸಿಕ್ಕಿಬಿದ್ದಂತೆ ಕೂತಿದ್ದರು. ಡೋಲು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಆದರೂ ಕಾಕಾ ಅವರನ್ನೆಲ್ಲ ಎಳೆದುಕೊಂಡು ಹೊರಟರು. ಜನ ನಿಜಕ್ಕೂ ಸುಮ್ಮನೆ ಕೂತಿದ್ದರು, ಒಬ್ಬರ ಬಾಯಿಯೂ ಆಡುತ್ತಿರಲಿಲ್ಲ. ಮೊದಲ ಭಾಗ ಆಯಿತು. ಎರಡನೆಯದು ಆಯಿತು. ಕಾಕಾ ಉಸಿರೆಳೆದುಕೊಂಡರು. ಅಷ್ಟರಲ್ಲಿ ಜೀಪಿನ ಹಾರನ್ನು.

“ಬಂದ್ರು, ಬಂದ್ರು! ನಿಲ್ಲಸ್ರಿ!”

ವಕೀಲರು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಹೂವಿನ ಹಾರ ತರಲು ಓಡಿದರು. ಕಾಕಾ ಎಳೆದುಕೊಂಡ ಉಸಿರನ್ನು ಹಾಗೇ ಹೊರಗೆ ಬಿಟ್ಟರು.

ಅತಿಥಿಗಳು ಪರಂಪರೆಯ ಬಗ್ಗೆ ಮಾತನಾಡಿದರು. ಕತ್ತಲಾಗುವವರೆಗೆ ಮಾತನಾಡಿದರು. ನಮ್ಮ ಹಾಡು ನಶಿಸುತ್ತಿದೆ, ಹಳ್ಳಿಯ ಬಾಯಿ ಕಟ್ಟಿಹೋಗುತ್ತಿದೆ ಎಂದು ಮರುಗಿದರು. ಅದೇ ಹೊತ್ತಿಗೆ ಶಾಲೆಯ ಗೋಡೆಯಾಚೆ ದನಗಾಹಿಗಳು ದೀಪ ಹಿಡಿದು, ಎಮ್ಮೆ-ದನಗಳ ಮೇಲೆ ಹಾಡು ಕಟ್ಟಿ ಹೇಳುತ್ತ ಹಾದುಹೋಗುತ್ತಿದ್ದರು. ಹಬ್ಬದ ಸಂಜೆ ಹಾಗೆ ಅವರು ಹಟ್ಟಿಹಟ್ಟಿಗೆ ಬರುವುದು, ಮನೆಯವರು ದೀಪಕ್ಕೆ ಎಣ್ಣೆ ಹಾಕುವುದು ನಮ್ಮಲ್ಲಿ ರೂಢಿ. ವಕೀಲರು ಜವಾನನನ್ನು ಕರೆದು, “ಹೋಗಿ ಹೇಳು, ಇಲ್ಲಿ ಪರಂಪರಾದ ಮ್ಯಾಲೆ ಭಾಷಣ ನಡದೈತಿ, ಒಂದೀಟು ಬಾಯಿ ಮುಚ್ಚರಿ ಅಂತ,” ಎಂದರು. ಇಷ್ಟು ಸೊಗಸಾಗಿ ಹೇಳಿದರೇ? ವರ್ಷಾನುಗಟ್ಟಲೆ ಹೇಳಿ ಹೇಳಿ ನಾನೇ ತಿದ್ದಿರಬೇಕು. ಜವಾನ ಹೋದದ್ದು, ಹಾಡು ನಿಂತದ್ದು ಮಾತ್ರ ಖರೆ.

ಭಾಷಣ ಮುಗಿದು ಬ್ಯಾಂಡಿಗೆ ಮತ್ತೆ ಸರದಿ ಬಂದಾಗ ಏಳೂ ಜನರ ಮೊಣಕಾಲು ಮರಗಟ್ಟಿದ್ದವು. ಮೊದಲಿಂದ ಶುರು ಮಾಡಿದರು. ಎರಡನೆಯ ಭಾಗಕ್ಕೆ ಬರುವಾಗ ಡೋಲು ತಾಳದಿಂದ ಜಾರಿತು. ಅದನ್ನು ಹಿಡಿಯಲು ಹದಿನಾಲ್ಕು ಕಾಲುಗಳು ತಾವಾಗಿಯೇ ಹೆಜ್ಜೆ ಹಾಕತೊಡಗಿದವು, ಬಾಕುಗಳು ಖಡಖಡಿಸಿದವು. ವಕೀಲರು ಕೋಲಿನಿಂದ ನೆಲ ತೋರಿಸಿ, “ಕಾಲು! ಕಾಲು ಹಿಡೀರಿ!” ಎಂದು ಹಲ್ಲು ಕಡಿದರು. ಕಾಲುಗಳು ನಿಂತವು. ತಾಳವೂ ನಿಂತಿತು. ಕಹಳೆಯವರು ಒಂದು ದಾರಿ, ಡೋಲಿನವರು ಇನ್ನೊಂದು ದಾರಿ ಹಿಡಿದರು.

“ಎದ್ದು ಬಾರಸ್ರೋ ಯಪ್ಪಾ, ಕುಂತ್ರ ನಿಮಗ ಬರೂದಿಲ್ಲ!” ಎಂದು ಚಾಪೆಯ ಮೇಲಿಂದ ಯಾರೋ ಕೂಗಿದರು. ಊರೇ ನಕ್ಕಿತು. ನಾನೂ ನಕ್ಕೆನೇ? ನಗಲಿಲ್ಲವೆಂದು ಎಲ್ಲರಿಗೂ ಹೇಳಿದ್ದೇನೆ. ಆ ಮಾತನ್ನು ನಂಬಲು ನನ್ನ ಬಳಿ ಕಾರಣವಿಲ್ಲ.

“ಮುಂದಿಂದು ಹೇಮಂತಋತು!” ಎಂದು ವಕೀಲರು ಮೈಕಿನಲ್ಲಿ ಸಾರಿದರು.

ಕಾಕಾ ಎದ್ದರು. ಬದುವಿನ ಜಗಳದ ಕಾಗದವನ್ನು ನೀಟಾಗಿ ಮಡಿಸಿ ಕುರ್ಚಿಯ ಮೇಲಿಟ್ಟರು.

“ಎಲ್ಲಿ ಹೊಂಟಿ? ಇನ್ನೂ ಹೇಮಂತ ಐತಿ, ಶಿಶಿರ ಐತಿ, ವಸಂತ ಐತಿ, ಗ್ರೀಷ್ಮ ಐತಿ.”

“ಅವನ್ನ ನೀವು ಮುಗಸ್ರಿ ಸಾಹೇಬ್ರ. ನಂದೊಂದು ತುಣುಕು ಉಳದೈತಿ.”

ಏಳು ಕೆಂಪು ಕೋಟುಗಳು ಹಿಂದಿನ ಗೇಟಿನಿಂದ ಹೊರಗೆ ಹೋದವು. ದನಗಾಹಿಗಳು ಬಾಯಿ ಮುಚ್ಚಿಕೊಂಡು ಅಲ್ಲೇ ಗೋಡೆಗೆ ಒರಗಿ ನಿಂತಿದ್ದರಂತೆ. ಸ್ವಲ್ಪ ಹೊತ್ತಿಗೆ ಡೋಲಿನ ಪೆಟ್ಟು ಬಿತ್ತು, ನೇರವಾಗಿ, ಜಾರದೆ. ಚಾಪೆಗಳಲ್ಲಿ ಅಲ್ಲಲ್ಲಿ ಜನ ಏಳತೊಡಗಿದರು. ವಕೀಲರಿಗೆ ದಿಗಿಲಾಯಿತು. ವಸಂತ ಬರುವ ಮೊದಲೇ ಸಭೆ ಖಾಲಿಯಾಗುವುದೆಂದು ನನ್ನ ಬೆನ್ನಿಗೆ ತಿವಿದು, “ಲಗೂನ ವಂದನಾರ್ಪಣಾ ಓದು!” ಎಂದರು. ಓದಿದೆ. ಆ ಕಾಗದ ಇನ್ನೂ ನನ್ನ ಬಳಿ ಇದೆ, ನನ್ನದೇ ಅಕ್ಷರ. ಅತಿಥಿಗಳಿಗೆ, ಅವರ ಜೀಪಿನ ಡ್ರೈವರರಿಗೆ, ಗ್ಯಾಸಬತ್ತಿಯವರಿಗೆ, ಕುರ್ಚಿ ಕೊಟ್ಟವರಿಗೆ ವಂದನೆ ಇದೆ. ಕುರ್ಚಿಯ ಮೇಲೆ ಕೂತವರಿಗೆ ಇಲ್ಲ.

ಆ ಧಾಟಿ ಮುಗಿಯಿತೇ? ಈ ಪ್ರಶ್ನೆ ಆ ರಾತ್ರಿ ನನಗೆ ಹೊಳೆಯಲಿಲ್ಲ, ಉಂಡಿ ತಿನ್ನುವುದಿತ್ತು. ಎಷ್ಟೋ ವರ್ಷದ ನಂತರ, ಕಾಕಾ ತೀರಿಕೊಂಡ ಮೇಲೆ, ಅವ್ವನನ್ನು ಕೇಳಿದೆ. ದನಗಾಹಿಗಳು ಅಂದು ನಮ್ಮ ಹಟ್ಟಿಗೂ ಬಂದಿದ್ದರು.

“ಬ್ಯಾಂಡಿನವರೂ ಅವರ ಕೂಡ ಬಂದಿದ್ರಲ್ಲೋ. ನಾ ಎಣ್ಣಿ ಗಿಂಡಿ ಹಿಡಕೊಂಡು ಹೊರಗ ಬಂದೆ. ದೀಪಕ್ಕ ಹಾಕಬೇಕಂದ್ರ ದೀಪ ಹಿಡದಾಂವ ಅಳ್ಳಾಡವೊಲ್ಲ, ಕೇಳಕೋತ ನಿಂತಾನ. ನಾನೂ ಹಂಗ ನಿಂತೆ. ಕೈ ಸೋತುಹೋತು. ಅಂವ ಪೂರಾ ಮುಗಸಿದ ಮ್ಯಾಲೆ ಎಣ್ಣಿ ಹಾಕಿದೆ. ಎಮ್ಮಿ ಸೈತ ಮೆಲಕು ಹಾಕೂದು ಬಿಟ್ಟಿತ್ತು ನೋಡು.”

ಎಮ್ಮೆಯ ವಿಷಯವನ್ನು ನಾನು ಒಪ್ಪುವುದಿಲ್ಲ. ಎಮ್ಮೆಯನ್ನು ಬಿಟ್ಟರೂ ಇದು ಒಬ್ಬರ ಸಾಕ್ಷಿ. ಅದೂ ಮಗನ ಮುಖ ನೋಡಿ ಮಾತಾಡುವ ತಾಯಿಯದು. ಮುಂದೆ ಮನಗೂಳಿಯ ಬಸ್‌ಸ್ಟ್ಯಾಂಡಿನಲ್ಲಿ ಡೋಲಿನವರು ಸಿಕ್ಕರು. ಸುತ್ತಳತೆ ಇಳಿದಿತ್ತು. ಅವ್ವ ಹೇಳಿದ್ದರ ಸುಳಿವು ಕೊಡದೆ, ಅಂದು ಏನಾಯಿತೆಂದಷ್ಟೇ ಕೇಳಿದೆ.

“ಏನಾಗೂದ್ರಿ? ಹೆಜ್ಜಿ ಹಾಕಿದ್ವಿ, ತಾಳ ಬಂತು. ನಿಮ್ಮ ಹಟ್ಟಿ ಮುಂದ ಓಣಿ ಮುಗೀತು, ಭಾವಾಂದು ಇನ್ನ ಮೂರನೇದು ಇತ್ತು. ನಿಂತಲ್ಲೇ ಹೆಜ್ಜಿ ಹಾಕ್ಕೋತ ಬಾರಸಿದ್ವಿ. ನಿಮ್ಮ ಅವ್ವಾರು ಎಣ್ಣಿ ಗಿಂಡಿ ಹಿಡಕೊಂಡು ನಿಂತ ಬಿಟ್ಟಿದ್ರು. ಭಾವಾ ಬಾಯಾಗಿಂದ ಕ್ಲಾರಿಯೊನೆಟ್ ತಗದ ಮ್ಯಾಲೇ ಎಣ್ಣಿ ಹಾಕಿದ್ರು.”

ಎಮ್ಮೆಯ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರ ಮಾತೂ ಕೂಡುವುದು ಒಂದೇ ಕಡೆ: ಅಂದು ನಮ್ಮ ಹಟ್ಟಿಯ ಮುಂದೆ ದೀಪಕ್ಕೆ ಎಣ್ಣೆ ಬಿದ್ದದ್ದು ಮೂರನೆಯ ಭಾಗ ಮುಗಿದ ಮೇಲೆ.