ಮೊಮ್ಮಗಳ ಬೆನ್ನೇರಿದ ಆಯಿ

ನನ್ನ ಮೊಮ್ಮಗಳು ಸೃಷ್ಟಿ ಜಿಲ್ಲಾ ವಾಲಿಬಾಲ್ ತಂಡಕ್ಕೆ ಆಯ್ಕೆಯಾದಳು! ಹೋದ ವರ್ಷ ನಾಲ್ಕು ಬೆರಳಷ್ಟು ಜಿಗಿತ ಕಡಿಮೆಯಾಗಿ ಅಳುತ್ತಾ ಬಂದಿದ್ದವಳು, ಈ ಸಲ ಬೆಳಗಾವಿಯ ಮೈದಾನದಲ್ಲಿ ಜಿಗಿದು ಗೋಡೆಯ ಮೇಲಿನ ಗೆರೆ ದಾಟಿ ಮುಟ್ಟಿದಳು.

"ಏನ್ ಭಾರ ಎತ್ತಿ ಕಾಲ ಗಟ್ಟಿ ಮಾಡ್ಕೊಂಡಿಯವ್ವಾ?" ಎಂದು ಕೋಚ್ ಕೇಳಿದರು.

"ನಮ್ಮ ಆಯಿನ್ನರೀ ಸರ್!" ಎಂದು ಅವಳು ಎಲ್ಲರೆದುರು ನನ್ನತ್ತ ಕೈ ತೋರಿಸಿದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ತಪ್ಪು ನನ್ನದೇ. ಶಾಲೆಯ ಸರ್ ಹೇಳಿದಂತೆ ಅವಳು ಉಸುಕಿನ ಚೀಲ ಹೆಗಲ ಮೇಲಿಟ್ಟು ಬಸ್ಕಿ ಹೊಡೆಯುತ್ತಿದ್ದಳು. ಭಾರ ಹೊತ್ತರೆ ಹುಡುಗಿ ಗಿಡ್ಡಾಗುತ್ತಾಳೆಂದು, ದೊಡ್ಡ ಡಾಕ್ಟರಂತೆ, ನಾನು ಚೀಲ ಬಚ್ಚಿಟ್ಟೆ. ಅವಳು ಜಗಳವಾಡದೆ ನನ್ನನ್ನೇ ಬೆನ್ನಿಗೇರಿಸಿಕೊಂಡು ಬಸ್ಕಿ ಶುರು ಮಾಡಿದಳು. ಮೊದಲ ದಿನ ಓಣಿಗೆಲ್ಲ ಕೇಳುವಂತೆ ಚೀರಿದೆ. ವಾರ ಕಳೆಯುವಷ್ಟರಲ್ಲಿ ಮುಂಜಾನೆ ಸೀರೆ ಎತ್ತಿ ಕಟ್ಟಿ ನಾನೇ ಅಂಗಳದಲ್ಲಿ ಕಾಯತೊಡಗಿದೆ. ಚೀಲ ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ.

ಸಂಜೆ ಖಾನಾಪುರಕ್ಕೆ ಮರಳಿ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಒಂದೇ ಹೋಳಿಗೆ ಸಾಕೆಂದು ನಾನು ತಾಟಿಗೆ ಕೈ ಅಡ್ಡ ಹಿಡಿದೆ. "ತಿನ್ನ ಆಯಿ, ಇನ್ನ ಮ್ಯಾಲ ಭಾರ ಹೆಚ್ಚ ಮಾಡಬೇಕಂತ," ಎಂದು ಸೃಷ್ಟಿ ಇನ್ನೆರಡು ಹಾಕಿ ತುಪ್ಪ ಸುರಿದಳು. ಎಲ್ಲರೂ ನಕ್ಕರು. ನಾನು ಎರಡನ್ನೂ ತಿಂದೆ.